ಕಾಫಿ ತೋಟದೊಳಗೆ ಕಾರ್ಸ್ ರೋವರ್: ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು

ಗದ್ದೆ ಬಯಲಲ್ಲಿ ಹತ್ತಕ್ಕೆ ಒಂಬತ್ತು, ಹಳೆಯ ಮರಗಳ ನೆರಳಿರುವ ರೋಬಸ್ಟಾ ತೋಟದೊಳಗೆ ಹತ್ತಕ್ಕೆ ನಾಲ್ಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ ಸೇವೆಗೆ (ಸದಾ ಉಪಗ್ರಹ ಸಂಕೇತ ಹಿಡಿಯುವ ಶಾಶ್ವತ ನಿಲ್ದಾಣಗಳ ಜಾಲ) ಬಹು ಆವರ್ತನದ ರೋವರ್ (ಪೋಲ್ ಮೇಲೆ ಹಿಡಿದು ಜಾಗ ಅಳೆಯುವ ಉಪಗ್ರಹ ರಿಸೀವರ್) ಜೋಡಿಸಿ ಕೊಡಗಿನಲ್ಲಿ ಜಮೀನು ಅಳೆಯುವುದಾದರೆ ನಾವು ಕೊಡುವ ಅಂಕ ಇದು. ಸೇವೆಯೂ ಅದೇ, ಯಂತ್ರವೂ ಅದೇ. ಐವತ್ತು ಮೀಟರ್ ಆಚೀಚೆ ಹೋದರೆ ಫಲಿತಾಂಶ ಇಷ್ಟು ಬದಲಾಗುವುದು ಏಕೆ ಎಂದು ಗೊತ್ತಿದ್ದವರ ಕೈಯಲ್ಲಿ ಇದು ಬಹಳ ಒಳ್ಳೆಯ ಸಾಧನ. ಗೊತ್ತಿಲ್ಲದೆ ಪೋಲ್ ಹಿಡಿದು ತೋಟದ ಗಡಿ ಸುತ್ತಿ ಬಂದರೆ ಆ ನಕ್ಷೆಯಿಂದಲೇ ಹೊಸ ತಕರಾರು ಹುಟ್ಟುತ್ತದೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಇಲಾಖೆಯ ಶಾಶ್ವತ ನಿಲ್ದಾಣಗಳು ಹಗಲೂ ರಾತ್ರಿ ಉಪಗ್ರಹಗಳ ಸಂಕೇತ ಹಿಡಿಯುತ್ತಿರುತ್ತವೆ. ಸುತ್ತಲಿನ ಹಲವು ನಿಲ್ದಾಣಗಳ ಲೆಕ್ಕ ಸೇರಿಸಿ, ನಾವು ನಿಂತ ಜಾಗಕ್ಕೆ ಹೊಂದುವ ತಿದ್ದುಪಡಿಯನ್ನು ಸರ್ವರ್ ಮೊಬೈಲ್ ಇಂಟರ್‌ನೆಟ್ ಮೂಲಕ ಕಳಿಸುತ್ತದೆ. ನಮ್ಮದೇ ಬೇಸ್ (ತಿದ್ದುಪಡಿ ಕಳಿಸುವ ಇನ್ನೊಂದು ರಿಸೀವರ್) ಇಡಬೇಕಿಲ್ಲ. ಗುಡ್ಡದ ತುದಿಗೆ ಟ್ರೈಪಾಡ್ ಹೊತ್ತು, ಅದನ್ನು ಕಾಯಲು ಒಬ್ಬರನ್ನು ಕೂರಿಸಿ, ಕಣಿವೆಗಿಳಿದ ಕೂಡಲೇ ರೇಡಿಯೊ ಸಂಪರ್ಕ ಕಡಿದುಹೋಗುವ ಪಾಡು ಇಲ್ಲ. ಸಿದ್ದಾಪುರ, ಬಾಳೆಲೆ ಕಡೆಯ ಆನೆ ಓಡಾಡುವ ತೋಟಗಳಲ್ಲಿ ಬೇಸ್ ಹತ್ತಿರ ಒಬ್ಬೊಂಟಿಯಾಗಿ ಆಳು ಕೂರಬೇಕಿಲ್ಲ ಎನ್ನುವುದೇ ದೊಡ್ಡ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರ ಅಳತೆಯೂ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ. ಬೇಸ್ ಅನ್ನು ಅದು ತಾನೇ ಹಿಡಿದ ಜಾಗದ ಮೇಲೆ ಶುರುಮಾಡಿದರೆ ಇಡೀ ನಕ್ಷೆಯೇ ಒಂದೆರಡು ಮೀಟರ್ ಸರಿದಿರುತ್ತದೆ. ಪಕ್ಕದ ತೋಟವನ್ನು ಇನ್ನೊಬ್ಬರು ಅಳೆದು ಎರಡನ್ನೂ ಒಂದರ ಮೇಲೊಂದು ಹಾಕುವವರೆಗೆ ಅದು ಗೊತ್ತಾಗುವುದೂ ಇಲ್ಲ.

ಜೋಡಣೆ ಕಷ್ಟವಲ್ಲ. ಪೋರ್ಟಲ್‌ನಲ್ಲಿ ನೋಂದಾಯಿಸಿ, ಐಪಿ ವಿಳಾಸ, ಪೋರ್ಟ್, ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಿ, ಮೌಂಟ್ ಪಾಯಿಂಟ್ (ಯಾವ ಬಗೆಯ ತಿದ್ದುಪಡಿ ಬೇಕು ಎಂಬುದು) ಆರಿಸಬೇಕು. ಇಲ್ಲಿ ಆಗುವ ಸಾಮಾನ್ಯ ಎಡವಟ್ಟು ಒಂದಿದೆ. ನೆಟ್‌ವರ್ಕ್ ತಿದ್ದುಪಡಿ ಬರಬೇಕಾದರೆ ರೋವರ್ ತಾನಿರುವ ಜಾಗವನ್ನು ಸರ್ವರ್‌ಗೆ ಕಳಿಸುತ್ತಿರಬೇಕು. ಕಂಟ್ರೋಲರ್‌ನಲ್ಲಿ ಜಿಜಿಎ (ರೋವರ್ ಇರುವ ಜಾಗ ತಿಳಿಸುವ ಸಂದೇಶ) ಕಳಿಸುವ ಆಯ್ಕೆ ಆಫ್ ಆಗಿದ್ದರೆ ಲಾಗಿನ್ ಆಗುತ್ತದೆ, ತಿದ್ದುಪಡಿ ಬರುವುದಿಲ್ಲ. ಸಿಮ್ ಕೆಟ್ಟಿದೆ, ಸೇವೆ ನಿಂತಿದೆ ಎಂದು ಅರ್ಧ ದಿನ ಕಳೆಯುವ ಮೊದಲು ಅದೊಂದನ್ನು ನೋಡಿ.

ಡೇಟಾ ಹೆಚ್ಚು ಬೇಡ, ಗಂಟೆಗೆ ಕೆಲವೇ ಎಂಬಿ ಸಾಕು. ಆದರೆ ಬಿಡದೆ ಬರುತ್ತಿರಬೇಕು. ಮಾಕುಟ್ಟದ ಇಳಿಜಾರು, ಪುಷ್ಪಗಿರಿ ತಪ್ಪಲು, ಬ್ರಹ್ಮಗಿರಿ ಅಂಚಿನ ಕಣಿವೆಗಳಲ್ಲಿ ಸಿಗ್ನಲ್ ಆಗಾಗ ಕೈಕೊಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಆರಿದರೆ ಊರಲ್ಲೂ ಅದೇ ಕತೆ. ಎರಡು ಕಂಪನಿಯ ಸಿಮ್ ಇರಲಿ. ತಿದ್ದುಪಡಿಯ ವಯಸ್ಸು ಪರದೆಯಲ್ಲಿ ಒಂದೆರಡು ಸೆಕೆಂಡ್ ಇದ್ದರೆ ಸರಿ, ಹತ್ತು ದಾಟಿದರೆ ಆ ಬಿಂದುವನ್ನು ಉಳಿಸಬೇಡಿ. ಸಿಗ್ನಲ್ ಇಲ್ಲವೇ ಇಲ್ಲ ಎನ್ನುವ ಕಡೆ ರೋವರ್ ಅನ್ನು ಅಲುಗದಂತೆ ಟ್ರೈಪಾಡ್ ಮೇಲಿಟ್ಟು ಕಚ್ಚಾ ದತ್ತಾಂಶ ದಾಖಲಿಸಿಕೊಳ್ಳಿ. ಆಮೇಲೆ ಕಾರ್ಸ್ ನಿಲ್ದಾಣದ ಅದೇ ಹೊತ್ತಿನ ದತ್ತಾಂಶ ಇಳಿಸಿಕೊಂಡು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಬಹುದು. ನಿಲ್ದಾಣ 30 ಕಿ.ಮೀ. ಒಳಗಿದ್ದು ಆಕಾಶ ತೆರೆದಿದ್ದರೆ ಒಂದು ಗಂಟೆ ಇಟ್ಟರೆ ನಿಶ್ಚಿಂತೆ. ಆಂಟೆನಾ ಎತ್ತರವನ್ನು ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂದು ಬರೆದಿಟ್ಟುಕೊಳ್ಳಿ, ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲೇ.

ಇನ್ನು ಮರದ ನೆರಳಿನ ವಿಷಯ. ಕೊಡಗಿನ ಕಾಫಿಯ ಮೇಲೆ ಒಂದೇ ಚಪ್ಪರ ಇರುವುದಿಲ್ಲ. ಕೆಳಗೆ ಹಾಲುವಾಣ, ಅದರ ಮೇಲೆ ಸಿಲ್ವರ್ ಓಕ್, ಇನ್ನೂ ಮೇಲೆ ಬೀಟೆ, ಹೊನ್ನೆ, ಹಲಸು, ಅತ್ತಿ, ಕಾಂಡಕ್ಕೆ ಸುತ್ತಿಕೊಂಡ ಕರಿಮೆಣಸಿನ ಬಳ್ಳಿ. ಉಪಗ್ರಹದ ಸಂಕೇತ ಎಲೆಯಲ್ಲಿ ಸೊರಗುತ್ತದೆ, ಒದ್ದೆ ಎಲೆಯಲ್ಲಿ ಇನ್ನೂ ಹೆಚ್ಚು. ಕಾಂಡಕ್ಕೆ ಬಡಿದು ಸುತ್ತುಬಳಸಿ ಬರುವ ಸಂಕೇತ ಬೇರೆ. ರೋವರ್ ಫ್ಲೋಟ್‌ನಲ್ಲೇ (ಅಂದಾಜಿನ ಹಂತದಲ್ಲೇ) ನಿಂತಿದ್ದರೆ ಅಪಾಯವಿಲ್ಲ, ಜಾಗ ಸಿಕ್ಕಿಲ್ಲ ಎಂದು ಅದೇ ಹೇಳುತ್ತಿದೆ. ಅಪಾಯ ಇರುವುದು ಜಾಗ ಗಟ್ಟಿಯಾಗಿ ಸಿಕ್ಕಿತು ಎನ್ನುವ ಸುಳ್ಳು ಫಿಕ್ಸ್‌ನಲ್ಲಿ.

ರೋವರ್ ಮತ್ತು ಉಪಗ್ರಹದ ನಡುವಿನ ಅಲೆಗಳ ಸಂಖ್ಯೆ ಪೂರ್ಣಾಂಕವಾಗಿ ಗೊತ್ತಾದಾಗ ಫಿಕ್ಸ್ ಬೀಳುತ್ತದೆ. ಜಿಪಿಎಸ್ ಕಳಿಸುವ ಎಲ್1 ಎಂಬ ಅಲೆಯ ಉದ್ದ ಸುಮಾರು 19 ಸೆಂ.ಮೀ. ಮರದಡಿಯ ಕಲಬೆರಕೆ ಸಂಕೇತದಲ್ಲಿ ಪೂರ್ಣಾಂಕಗಳು ತಪ್ಪಿ ಕುಳಿತರೆ, ಪರದೆಯಲ್ಲಿ ಹಸಿರು ಬಣ್ಣ, ಪಕ್ಕದಲ್ಲಿ 0.016 ಮೀಟರ್ ಎಂಬ ನಿಖರತೆ, ಆದರೆ ಬಿಂದು ಅರ್ಧ ಮೀಟರ್ ಆಚೆ. ಆ 0.016 ಯಂತ್ರ ತನ್ನ ಲೆಕ್ಕ ಒಳಗೊಳಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಮಾತು. ನೆಲದ ಮೇಲಿನ ಕಲ್ಲಿಗೆ ಅದು ಹೊಂದುತ್ತದೆಯೇ ಎಂಬುದಕ್ಕೆ ಸಾಕ್ಷಿಯಲ್ಲ. 100 ಮೀಟರ್ ಉದ್ದದ ಗಡಿ ಅರ್ಧ ಮೀಟರ್ ಸರಿದರೆ 50 ಚದರ ಮೀಟರ್. ಒಂದು ಸೆಂಟು ಎಂದರೆ 40.47 ಚದರ ಮೀಟರ್, ಹಾಗಾಗಿ ಒಂದು ಬದಿಯಲ್ಲೇ ಸೆಂಟಿಗಿಂತ ಹೆಚ್ಚು ಹೋಯಿತು. ಗಡಿಯಲ್ಲಿ ನಿಂತ ಬೀಟೆ ಮರ ಯಾರ ಪಾಲು ಎಂಬುದೂ ಆ ಅರ್ಧ ಮೀಟರಿನಲ್ಲೇ ತೀರ್ಮಾನವಾಗಿಬಿಡುತ್ತದೆ.

ಇದನ್ನು ಹಿಡಿಯುವ ದಾರಿ ಸರಳ, ಬೇಕಾದದ್ದು ತಾಳ್ಮೆ. ಬಿಂದುವಿನ ಮೇಲೆ ಬೈಪಾಡ್ ಹಾಕಿ ಪೋಲ್ ನಿಲ್ಲಿಸಿ, ಕನಿಷ್ಠ 30 ಸೆಕೆಂಡ್ ಅಳೆಯಿರಿ. ಫಿಕ್ಸ್ ಕಡಿದು ಹೊಸದಾಗಿ ಹಿಡಿಸಿ, ಮತ್ತೆ 30 ಸೆಕೆಂಡ್ ಅಳೆಯಿರಿ. ಬೇರೆ ಬಿಂದುಗಳಿಗೆ ಹೋಗಿ, ಉಪಗ್ರಹಗಳು ಜಾಗ ಬದಲಿಸಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಟ್ಟು ಬಂದು ಮೂರನೆಯ ಸಲ ಅಳೆಯಿರಿ. ಮೂರೂ 3 ಸೆಂ.ಮೀ. ಒಳಗೆ ಹೊಂದಿದರೆ ಇಟ್ಟುಕೊಳ್ಳಿ. ಹೊಂದದಿದ್ದರೆ ಸರಾಸರಿ ತೆಗೆಯುವ ಕೆಲಸ ಮಾತ್ರ ಮಾಡಬೇಡಿ. ಒಂದು ಸರಿ, ಒಂದು ತಪ್ಪು ಇದ್ದಾಗ ಅವೆರಡರ ನಡುವಿನ ಜಾಗವೂ ತಪ್ಪೇ. ಅಂಥ ಬಿಂದುವನ್ನು, ಕೋನ ಮತ್ತು ದೂರವನ್ನು ಬೆಳಕಿನ ಕಿರಣದಿಂದ ಅಳೆಯುವ ಟೋಟಲ್ ಸ್ಟೇಷನ್‌ಗೆ ಬಿಟ್ಟುಬಿಡಿ.

ಕೊಡಗಿಗೆ ಒಗ್ಗುವ ಕ್ರಮವೂ ಅದೇ: ತೆರೆದ ಜಾಗದಲ್ಲಿ ರೋವರ್, ನೆರಳಿನಲ್ಲಿ ಟೋಟಲ್ ಸ್ಟೇಷನ್. ತೋಟದಲ್ಲಿ ತೆರೆದ ಆಕಾಶ ಇರುವುದು ಕಾಫಿ ಒಣಗಿಸುವ ಕಣದಲ್ಲಿ, ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ. ಅಲ್ಲಿ ಒಂದಕ್ಕೊಂದು ಕಾಣುವ ಎರಡು ಬಿಂದುಗಳನ್ನು ರೋವರ್‌ನಲ್ಲಿ ಕಟ್ಟಿ, ಒಂದರ ಮೇಲೆ ಟೋಟಲ್ ಸ್ಟೇಷನ್ ನಿಲ್ಲಿಸಿ, ದಿಕ್ಕು ಗೊತ್ತುಮಾಡಲು ಇನ್ನೊಂದಕ್ಕೆ ಬ್ಯಾಕ್‌ಸೈಟ್ ಹಿಡಿಯಿರಿ. ಎರಡು ಬಿಂದುಗಳೂ ಒಂದೇ ಕಣದ ಎರಡು ಮೂಲೆಯಲ್ಲಿದ್ದರೆ ಕೆಲಸ ಕೆಡುತ್ತದೆ. 30 ಮೀಟರ್ ಅಂತರದಲ್ಲಿ 2 ಸೆಂ.ಮೀ. ತಪ್ಪಾದರೆ ದಿಕ್ಕು 137 ಸೆಕೆಂಡ್ (ಇದು ಕೋನದ ಅಳತೆ) ತಿರುಗುತ್ತದೆ, 300 ಮೀಟರ್ ದೂರದ ಗಡಿಕಲ್ಲಿನಲ್ಲಿ ಅದು 20 ಸೆಂ.ಮೀ. ಬ್ಯಾಕ್‌ಸೈಟ್ 150 ಮೀಟರ್ ದೂರದ ಕೆರೆ ಏರಿಯ ಮೇಲಿದ್ದರೆ ಅದೇ 2 ಸೆಂ.ಮೀ. ತಪ್ಪು ಗಡಿಕಲ್ಲಿನಲ್ಲಿ 4 ಸೆಂ.ಮೀ. ಮಾತ್ರ. ತೋಟದ ಇನ್ನೊಂದು ತುದಿಯಲ್ಲೂ ಇಂಥದೇ ಒಂದು ಜೋಡಿ ಕಟ್ಟಿ ಬಿಂದುವಿನಿಂದ ಬಿಂದುವಿಗೆ ಸಾಗಿದ ಅಳತೆಯ ಸರಣಿಯನ್ನು, ಅಂದರೆ ಟ್ರಾವರ್ಸ್ ಅನ್ನು, ಅಲ್ಲಿ ಮುಚ್ಚಿ. ಮುಚ್ಚದ ಟ್ರಾವರ್ಸ್‌ಗೆ ತನ್ನ ತಪ್ಪು ತೋರಿಸುವ ದಾರಿಯೇ ಇಲ್ಲ.

ಕಲ್ಲಿನ ಹತ್ತಿರ ನಿಧಾನಿಸಿ. ತರಗೆಲೆ ಸರಿಸಿ, ಪಾಚಿ ಕೆರೆದು, ತಲೆಯ ಮೇಲೆ ಕೆತ್ತಿದ ಗೆರೆ ಇದೆಯೇ ನೋಡಿ. ಸಿಲ್ವರ್ ಓಕ್ ಬೇರು ಒತ್ತಿ ಕಲ್ಲು ವಾಲಿದ್ದರೆ ತಲೆಯನ್ನಲ್ಲ, ನೆಲಕ್ಕೆ ಹೂತ ಬುಡವನ್ನು ಅಳೆಯಬೇಕು. ಗಡಿ ಕಡಂಗದ (ಹಳೆಯ ಕಂದಕದ) ಮೇಲೆ ಹೋಗಿದ್ದರೆ ಎರಡು ದಡ ಮತ್ತು ನಡುತಳ ಮೂರನ್ನೂ ಅಳೆದು ನಕ್ಷೆಯಲ್ಲಿ ಹಾಗೆಯೇ ತೋರಿಸಿ. ಗಡಿ ಯಾವ ದಡದಲ್ಲಿದೆ ಎಂದು ತೀರ್ಮಾನಿಸುವುದು ದಾಖಲೆಯ ಕೆಲಸ, ಅಳೆಯಲು ಬಂದವರದ್ದಲ್ಲ.

ವಿಸ್ತೀರ್ಣದ ಲೆಕ್ಕದಲ್ಲಿ ಬಹಳ ಜನ ಗಮನಿಸದ ವ್ಯತ್ಯಾಸ ಒಂದಿದೆ. ರೋವರ್ ಕೊಡುವುದು ಯುಟಿಎಂ ಎಂಬ ಸಮತಟ್ಟು ನಕ್ಷಾ ಪದ್ಧತಿಯ 43ನೇ ವಲಯದ ನಿರ್ದೇಶಾಂಕ. ವಲಯದ ನಡುರೇಖೆ 75 ಡಿಗ್ರಿ ರೇಖಾಂಶ, ಅಲ್ಲಿ ಅಳತೆಯ ಪ್ರಮಾಣ 0.9996. ಮಡಿಕೇರಿ ಆ ರೇಖೆಯಿಂದ ಸುಮಾರು 80 ಕಿ.ಮೀ. ಪೂರ್ವಕ್ಕಿದೆ, ಅದರ ಜೊತೆಗೆ ಎತ್ತರವೂ ಇದೆ. ಎರಡನ್ನೂ ಸೇರಿಸಿದರೆ ನೆಲದ ಮೇಲಿನ ಒಂದು ಕಿಲೋಮೀಟರ್ ನಕ್ಷೆಯಲ್ಲಿ ಸುಮಾರು 49 ಸೆಂ.ಮೀ. ಕಡಿಮೆ ಬರುತ್ತದೆ. ಕುಶಾಲನಗರದ ಕಡೆ ಇಳಿದರೆ 38 ಸೆಂ.ಮೀ. ಆಸುಪಾಸು. ಹತ್ತು ಎಕರೆಗೆ ಇದು ಒಂದು ಸೆಂಟಿನಷ್ಟು, ನೂರು ಎಕರೆಯ ತೋಟಕ್ಕೆ ಹತ್ತು ಸೆಂಟಿನಷ್ಟು. ಟೋಟಲ್ ಸ್ಟೇಷನ್ ಅಳೆಯುವುದು ನೆಲದ ದೂರ. ಎರಡನ್ನೂ ಬೆರೆಸುವಾಗ ಟೋಟಲ್ ಸ್ಟೇಷನ್‌ನಲ್ಲಿ ಪ್ರಮಾಣಾಂಕ ತುಂಬಿ, ವಿಸ್ತೀರ್ಣವನ್ನು ಮತ್ತೆ ನೆಲದ ಅಳತೆಗೆ ತಂದು ಬರೆಯಿರಿ. ಇದು ಸೇವೆಯ ದೋಷವಲ್ಲ, ಗೋಳವನ್ನು ಹಾಳೆಗೆ ಇಳಿಸಿದರೆ ಎಲ್ಲೇ ಆದರೂ ಹೀಗಾಗುತ್ತದೆ. ಆದರೆ ರೋವರ್ ಮಾರುವವರು ಇದನ್ನು ಹೇಳಿಕೊಡುವುದು ಅಪರೂಪ.

ಹಳೆಯ ದಾಖಲೆಯೊಡನೆ ತಾಳೆ ನೋಡುವಾಗ ಬರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. 66 ಅಡಿಯ ಸರಪಳಿಯನ್ನು 20 ಡಿಗ್ರಿ ಇಳಿಜಾರಿನ ಮೇಲೆ ಹಾಗೆಯೇ ಮಲಗಿಸಿ ಎಳೆದಿದ್ದರೆ ಸಮತಲದಲ್ಲಿ ಸಿಗುವುದು 62 ಅಡಿ. ಗದ್ದೆಗೆ ಸೇರಿಕೊಂಡ ಬಾಣೆ ಎಂಬ ಗುಡ್ಡದ ಜಾಗದ ಇಳಿಜಾರುಗಳಲ್ಲಿ ಪಹಣಿಯ ವಿಸ್ತೀರ್ಣಕ್ಕೂ ರೋವರ್ ವಿಸ್ತೀರ್ಣಕ್ಕೂ ಹೊಂದದಿರಲು ಇದು ಒಂದು ಕಾರಣ. ನಿಮ್ಮ ಜಾಗ ಒತ್ತುವರಿಯಾಗಿದೆ ಎಂದು ಮಾಲೀಕರಿಗೆ ಹೇಳುವ ಮೊದಲು ಹಳೆಯ ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕ್ಷೆ ಮೂರನ್ನೂ ಎದುರಿಗಿಟ್ಟುಕೊಳ್ಳಿ. ಖಾಸಗಿಯಾಗಿ ರೋವರ್ ಹಿಡಿದು ಮಾಡಿದ ನಕ್ಷೆ ಮಾಹಿತಿಗೆ ಮಾತ್ರ. ಹದ್ದುಬಸ್ತು (ಅಧಿಕೃತ ಗಡಿ ಗುರುತು) ಆಗಬೇಕಾದರೆ ಭೂಮಾಪನ ಇಲಾಖೆಗೆ ಅರ್ಜಿ ಹಾಕಲೇಬೇಕು, ಅಕ್ಕಪಕ್ಕದವರಿಗೆ ನೋಟಿಸ್ ಹೋಗಲೇಬೇಕು.

ಆದರೂ ನಿರ್ದೇಶಾಂಕ ಇರುವುದು ಎಷ್ಟು ದೊಡ್ಡ ಆಸ್ತಿ ಎಂದು 2018ರ ಆಗಸ್ಟ್ ಕಂಡ ಮಕ್ಕಂದೂರು, ಜೋಡುಪಾಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡವೇ ಕುಸಿದಾಗ ಕಲ್ಲು, ಬೇಲಿ, ಗುರುತಿನ ಮರ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಕಾರ್ಸ್‌ಗೆ ಕಟ್ಟಿದ ನಾಲ್ಕು ಮೂಲೆಯ ಅಂಕಿಗಳು ಕಾಗದದಲ್ಲಿದ್ದರೆ ಅದೇ ಜಾಗಕ್ಕೆ ಮತ್ತೆ ಹೋಗಿ ನಿಲ್ಲಬಹುದು. ಇಳಿಜಾರಿನಲ್ಲಿ ತೋಟ ಇರುವವರು ತಕರಾರು ಇಲ್ಲದಾಗಲೇ ಇದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಅಂಕಿಗಳ ಜೊತೆ ಯಾವ ಸೇವೆ, ಯಾವ ದಿನಾಂಕ, ಯಾವ ಡೇಟಂ (ಅಳತೆಯ ಮೂಲ ಚೌಕಟ್ಟು) ಎಂದೂ ಬರೆಸಿಕೊಳ್ಳಿ. ನಮ್ಮ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಕಾರ್ಸ್ ಅಂಕಿಗಳು ನಿಗದಿತ ಕಾಲಕ್ಕೆ ಕಟ್ಟಿದವು, ಇಂದಿನ ಕಾಲಕ್ಕೆ ಲೆಕ್ಕ ಹಾಕುವ ಬೇರೆ ಸೇವೆಯ ಅಂಕಿಗಳೊಡನೆ ಅವನ್ನು ನೇರವಾಗಿ ಬೆರೆಸುವಂತಿಲ್ಲ.

ಎತ್ತರ ಬೇಕಾದವರಿಗೆ ಒಂದು ಮಾತು. ರೋವರ್‌ನ ಕಚ್ಚಾ ಎತ್ತರ ನಮ್ಮ ಕಡೆ ಸಮುದ್ರಮಟ್ಟದ ಎತ್ತರಕ್ಕಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗೆ ತೋರಿಸುತ್ತದೆ. ಅದನ್ನು ಸಮುದ್ರಮಟ್ಟದ ಎತ್ತರಕ್ಕೆ ತರುವ ಜಿಯಾಯ್ಡ್ ಮಾದರಿ ಹಾಕಿದ್ದೀರಾ ನೋಡಿ. ಕೆರೆ ತೂಬು, ಚರಂಡಿಯ ಇಳಿಜಾರಿಗೆ ಮಟ್ಟ ನೋಡುವ ಯಂತ್ರವಾದ ಆಟೋ ಲೆವೆಲ್ಲೇ ಸರಿ.

ಕಾಲವನ್ನೂ ನೋಡಿಕೊಂಡು ಹೊರಡಬೇಕು. ಮಳೆಗೆ ಮುಂಚೆ ಮರ ಕಪಾತು ಮುಗಿದ ಹದಿನೈದು ದಿನ ತೋಟದೊಳಗೆ ರೋವರ್‌ಗೆ ಅತಿ ಒಳ್ಳೆಯ ಹೊತ್ತು, ಎಲೆ ಬಿದ್ದು ಆಕಾಶ ತೆರೆದಿರುತ್ತದೆ. ಹಣ್ಣು ಕೊಯ್ಲಿನಲ್ಲಿ ಹೋದರೆ ಕಾಯಿ ಉದುರಿಸಿದಿರಿ ಎಂಬ ಮಾತು ಬರುತ್ತದೆ, ಅದು ನ್ಯಾಯವೂ ಹೌದು. ದಿನದಲ್ಲಿ ಬೆಳಿಗ್ಗೆ ಏಳರಿಂದ ಹನ್ನೊಂದು ಚೆನ್ನ. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಮಧ್ಯಾಹ್ನ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರದ) ಅಲುಗಾಟ ಹೆಚ್ಚಿ ಫಿಕ್ಸ್ ತಡವಾಗುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲಂತೂ ಹಿಡಿದ ಫಿಕ್ಸ್ ಪದೇ ಪದೇ ಬಿಟ್ಟುಹೋಗುತ್ತದೆ.

ರೋವರ್ ಕೊಳ್ಳುವಾಗ ಚಾನೆಲ್ ಸಂಖ್ಯೆ ನೋಡಿ ಮರುಳಾಗಬೇಡಿ. ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈದು ನಾಲ್ಕನ್ನೂ ಕನಿಷ್ಠ ಎರಡು ಆವರ್ತನದಲ್ಲಿ ಹಿಡಿಯಬೇಕು. ನೀರು, ದೂಳು ತಡೆಯುವ ಐಪಿ67 ರಕ್ಷಣೆ ಇಲ್ಲದ್ದು ನಮ್ಮ ಮಳೆಗೆ ಬೇಡ. ಓರೆ ಹಿಡಿದರೂ ಅಳೆಯುವ ಟಿಲ್ಟ್ ಸೌಲಭ್ಯ ಬೇಲಿ ಮೂಲೆ, ಗೋಡೆ ಬುಡಕ್ಕೆ ಅನುಕೂಲ, ಆದರೆ ಫಿಕ್ಸ್ ಗಟ್ಟಿ ಇಲ್ಲದ ಕಡೆ ಅದು ತಪ್ಪನ್ನು ಹೆಚ್ಚಿಸುತ್ತದೆ. ಪೋಲ್‌ನ ನೆಟ್ಟಗಿದೆಯೇ ಎಂದು ತೋರಿಸುವ ಗುಳ್ಳೆಯನ್ನು ಮರೆಯಬೇಡಿ. 40 ನಿಮಿಷದ (ಇದೂ ಕೋನದ ಅಳತೆ) ಅಗ್ಗದ ಗುಳ್ಳೆ ಒಂದು ಗುರುತು ಸರಿದರೆ 2 ಮೀಟರ್ ಪೋಲ್‌ನಲ್ಲಿ 23 ಮಿ.ಮೀ., 8 ನಿಮಿಷದ್ದಾದರೆ 5 ಮಿ.ಮೀ. ಒಳಗೆ. ಕೊಂಬೆ ದಾಟಿಸಲು ಪೋಲ್ ಅನ್ನು 4 ಮೀಟರಿಗೆ ಏರಿಸಿದರೆ ಆ ತಪ್ಪು ಎರಡು ಪಟ್ಟಾಗುತ್ತದೆ.

ಡೆಮೊ ತೋರಿಸಲು ಬಂದವರು ಸಾಮಾನ್ಯವಾಗಿ ಮೈದಾನದಲ್ಲಿ ನಿಲ್ಲಿಸುತ್ತಾರೆ, ಅಲ್ಲಿ ಎಲ್ಲ ರೋವರ್‌ಗಳೂ ಚೆನ್ನಾಗಿಯೇ ಓಡುತ್ತವೆ. ಟೋಟಲ್ ಸ್ಟೇಷನ್‌ನಲ್ಲಿ ಮೊದಲೇ ಕಟ್ಟಿಟ್ಟ ಮೂರು ಬಿಂದುಗಳಿಗೆ ಅವರನ್ನು ಕರೆದುಕೊಂಡು ಹೋಗಿ: ಒಂದು ಕಣದಲ್ಲಿ, ಒಂದು ತೋಟದ ದಾರಿಯ ಅಂಚಿನಲ್ಲಿ, ಒಂದು ಸಿಲ್ವರ್ ಓಕ್ ಸಾಲಿನ ನಡುವೆ. ಪ್ರತಿಯೊಂದರಲ್ಲೂ ಫಿಕ್ಸ್ ಕಡಿದು ಮೂರು ಸಲ ಅಳೆಸಿ. ಮೂರನೆಯ ಬಿಂದುವಿನಲ್ಲಿ ಗೊತ್ತಿಲ್ಲದ ಜಾಗಕ್ಕೆ ಹಸಿರು ತೋರಿಸುವ ರೋವರ್‌ಗಿಂತ ಫ್ಲೋಟ್‌ನಲ್ಲೇ ನಿಲ್ಲುವ ರೋವರ್ ಅನ್ನು ಆರಿಸಿಕೊಳ್ಳಿ.