ಕೆಂಪು ದೀಪದ ಬ್ರಷ್: ಎರಡೂವರೆ ವರ್ಷ ಬಳಸಿದ ಮೇಲೆ

ಮೋಟಾರ್ ಎಷ್ಟು ವೇಗ, ಚಾರ್ಜ್ ಎಷ್ಟು ದಿನ ಬರುತ್ತದೆ ಅನ್ನುವುದೆಲ್ಲ ಡಬ್ಬಿಯ ಮೇಲೆಯೇ ಇದೆ, ನೀವು ನೋಡಿಯೇ ಇರುತ್ತೀರಿ. ನಾನು ಬರೆಯಲು ಕೂತಿದ್ದು ಈ ಎಲೆಕ್ಟ್ರಿಕ್ ಬ್ರಷ್‌ನ ಹಿಡಿಯಲ್ಲಿರುವ ಒಂದು ಸಣ್ಣ ಕೆಂಪು ದೀಪದ ಬಗ್ಗೆ. ಜಾಸ್ತಿ ಒತ್ತಿದರೆ ಹತ್ತಿಕೊಳ್ಳುತ್ತದೆ. ಕೈ ಸಡಿಲ ಬಿಟ್ಟರೆ ಆರುತ್ತದೆ.

ಮೊದಲ ದಿನ ಕನ್ನಡಿ ಮುಂದೆ ನಿಂತು ಎಡಗಡೆ ಕೋರೆಹಲ್ಲಿಗೆ ಬ್ರಷ್ ಇಟ್ಟೆ, ದೀಪ ಹತ್ತಿತು, ಎರಡು ನಿಮಿಷ ಮುಗಿಯುವವರೆಗೂ ಆರಲೇ ಇಲ್ಲ. ಬ್ರಷ್ ಕೆಟ್ಟಿದೆ ಅಂದುಕೊಂಡೆ. ಮಾರನೇ ದಿನ ಕೈಯನ್ನು ಪೂರ್ತಿ ಹಗುರ ಮಾಡಿ ನೋಡಿದಾಗ ದೀಪ ಆರಿತು. ಕೆಟ್ಟಿದ್ದು ಬ್ರಷ್ ಅಲ್ಲ, ನನ್ನ ಕೈ. ಇಷ್ಟು ವರ್ಷ ನಾನು ಹಲ್ಲನ್ನು ಪಾತ್ರೆ ಉಜ್ಜಿದ ಹಾಗೆ ಉಜ್ಜಿದ್ದೇನೆ ಅಂತ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಬಹುಶಃ ನಂಬುತ್ತಿರಲಿಲ್ಲ.

ಇದನ್ನು ಕೊಂಡ ಕಾರಣ ಇಷ್ಟು. ಎಡಗಡೆ ಮೇಲಿನ ಮೂರು ಹಲ್ಲುಗಳ ಬುಡದಲ್ಲಿ, ವಸಡಿಗೆ ತಾಗಿದ ಜಾಗದಲ್ಲಿ, ಕೊಡಲಿ ಏಟು ಬಿದ್ದ ಹಾಗೆ ಕಚ್ಚು ಬಿದ್ದಿತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಬಲಗೈಯಲ್ಲಿ ಉಜ್ಜುವವರಿಗೆ ಎಡಗಡೆಯೇ ಜಾಸ್ತಿ ಸವೆಯುವುದು ಅಪರೂಪವಲ್ಲ ಅಂದರು ಡಾಕ್ಟರ್. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ಮೈಯಲ್ಲೇ ಅತಿ ಗಟ್ಟಿಯಾದ ವಸ್ತು, ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಬರೀ ಖನಿಜ. ಆದರೆ ಅಗಿಯುವ ತುದಿಯಲ್ಲಿ ಎರಡು ಮಿಲಿಮೀಟರ್‌ಗಿಂತ ದಪ್ಪ ಇರುವ ಅದು ಬುಡದ ಕಡೆ ಬರಬರುತ್ತ ತೆಳುವಾಗಿ ಇಲ್ಲವೇ ಇಲ್ಲ ಅನ್ನುವಷ್ಟಾಗುತ್ತದೆ. ಅದರ ಕೆಳಗಿನ ಪದರ ಡೆಂಟಿನ್ ಅದಕ್ಕಿಂತ ಮೆತ್ತಗೆ, ಬಣ್ಣವೂ ಹಳದಿ.

ನನ್ನ ತಪ್ಪು ಶುರುವಾಗಿದ್ದೇ ಆ ಹಳದಿಯಿಂದ. ಹಲ್ಲು ಹಳದಿ ಕಾಣುತ್ತಿದೆ ಅಂತ ಇದ್ದಿಲಿನ ಪುಡಿ ಹಾಕಿ, ಗಟ್ಟಿ ಬ್ರಷ್ ಹಿಡಿದು ಇನ್ನೂ ಜೋರಾಗಿ ಉಜ್ಜಿದೆ. ಎನಾಮೆಲ್ ತೆಳುವಾದಷ್ಟೂ ಒಳಗಿನ ಹಳದಿ ಇನ್ನಷ್ಟು ಕಂಡಿತು. ಮತ್ತೆ ಉಜ್ಜಿದೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ, ಯಾಕೆಂದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಇದನ್ನು ಕೇಳಿದ ದಿನ ನಿಜಕ್ಕೂ ಹೊಟ್ಟೆ ತೊಳಸಿದ ಹಾಗಾಯಿತು.

ಈಗ ನನ್ನ ಎರಡು ನಿಮಿಷ ಹೀಗಿರುತ್ತದೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ, ಪೆನ್ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿಯುತ್ತೇನೆ. ಎಳೆಗಳು ವಸಡಿನ ಅಂಚಿಗೆ ಸುಮ್ನೆ ತಾಗಿಕೊಂಡಿರಬೇಕು, ಅಷ್ಟೇ. ಕೈ ಉಜ್ಜುವುದಿಲ್ಲ, ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ನಿಧಾನಕ್ಕೆ ಸರಿಯುತ್ತದೆ. ಜಾಸ್ತಿ ಒತ್ತಿದರೆ ದೀಪ ಹತ್ತುವ ಮುಂಚೆಯೇ ಮೋಟಾರಿನ ದನಿ ಸ್ವಲ್ಪ ಕುಗ್ಗುತ್ತದೆ, ಈಗ ಅದು ಕಿವಿಗೆ ಗೊತ್ತಾಗುತ್ತದೆ. ಮುಗಿದ ಮೇಲೆ ನೊರೆ ಉಗಿಯುತ್ತೇನೆ, ಬಾಯಿ ಮುಕ್ಕಳಿಸುವುದಿಲ್ಲ, ಪೇಸ್ಟಿನಲ್ಲಿರುವ, ಹಲ್ಲನ್ನು ಕಾಯುವ ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೇ ಇರಲಿ ಅಂತ. ಈ ಎರಡು ನಿಮಿಷದ ನಿಧಾನ ನನಗೆ ತುಂಬಾ ಇಷ್ಟವಾಗಿಬಿಟ್ಟಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಎಂಟು ತಿಂಗಳಾದರೂ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುವುದು ನಿಲ್ಲಲಿಲ್ಲ. ಮತ್ತೆ ಡಾಕ್ಟರ್ ಹತ್ತಿರ ಹೋದೆ. ಈ ಸಲ ಅವರು ಬುಡ ಬಿಟ್ಟು ದವಡೆ ಹಲ್ಲಿನ ತಲೆ ನೋಡಿದರು. ಅಲ್ಲಿ ಸಣ್ಣ ಸಣ್ಣ ಬಟ್ಟಲಿನಂಥ ಗುಳಿಗಳು, ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಪಾರದರ್ಶಕ. ಬ್ರಷ್ ಹೀಗೆ ಮಾಡುವುದಿಲ್ಲ, ಬೆಳಿಗ್ಗೆ ಏನು ಕುಡಿಯುತ್ತೀರಿ ಅಂದರು. ನಿಂಬೆ ನೀರು. ಕುಡಿದು ಎಷ್ಟು ಹೊತ್ತಿಗೆ ಉಜ್ಜುತ್ತೀರಿ? ತಕ್ಷಣ.

ಹುಳಿ ಅಳೆಯುವ ಸಂಖ್ಯೆ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಬಾಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರುವಾಗುತ್ತದೆ. ನಿಂಬೆ ರಸದ್ದು 2ರಿಂದ 3ರ ನಡುವೆ. ಹುಳಿ ತಾಗಿದ ಮೇಲ್ಪದರ ಮೆತ್ತಗಾಗಿರುತ್ತದೆ, ಜೊಲ್ಲು ಅದಕ್ಕೆ ಮತ್ತೆ ಖನಿಜ ತುಂಬಿಸಲು ಸಮಯ ಬೇಕು. ಆ ಸಮಯ ಕೊಡದೆ ಉಜ್ಜಿದರೆ ಎಷ್ಟೇ ಹಗುರ ಕೈಯಾದರೂ ಆ ಪದರ ಪೇಸ್ಟಿನ ಜೊತೆ ಹೋಗುತ್ತದೆ. ದೀಪ ಹತ್ತುವುದಿಲ್ಲ. ಅದಕ್ಕೆ ಗೊತ್ತಿರುವುದು ಒತ್ತಡ ಒಂದೇ.

ನನಗೆ ಸಿಟ್ಟು ಬಂದಿದ್ದು ದೀಪದ ಮೇಲಲ್ಲ. ಇದರ ಜೊತೆಗೆ ಬರುವ ಆ್ಯಪ್ ಪ್ರತಿ ಊಟ, ಪ್ರತಿ ಪಾನೀಯ ಆದ ಕೂಡಲೇ ಉಜ್ಜಿ ಅಂತ ನೆನಪಿಸುತ್ತದೆ, ಬೇಗ ಉಜ್ಜಿದರೆ ಅಂಕ ಬೇರೆ ಕೊಡುತ್ತದೆ. ನಾನು ಆ ಅಂಕಗಳನ್ನು ಶ್ರದ್ಧೆಯಿಂದ ಕೂಡಿಸಿದ್ದೇನೆ. ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ, ಹುಳಿ ಅನ್ನುವ ಮಾತೇ ಇಲ್ಲ. ಪೇಸ್ಟ್ ಎಷ್ಟು ಒರಟು ಅಂತ ಅಳೆಯುವ ಆರ್‌ಡಿಎ ಸಂಖ್ಯೆಯ ಬಗ್ಗೆಯೂ ಇಲ್ಲ. ಆ ಅಳತೆಯಲ್ಲಿ 250 ಮೇಲಿನ ಮಿತಿ, ನಾನೀಗ 70ಕ್ಕಿಂತ ಕಡಿಮೆ ಇರುವುದನ್ನು ಹುಡುಕಿ ತರುತ್ತೇನೆ. ಗಟ್ಟಿ ಎನಾಮೆಲ್ಲನ್ನು ಬರೀ ಎಳೆಗಳು ಹೆಚ್ಚೇನೂ ಸವೆಸುವುದಿಲ್ಲ, ಸವೆಸುವುದು ಪೇಸ್ಟಿನೊಳಗಿನ ಒರಟು ಕಣಗಳು. ಬ್ರಷ್ ಮಾರುವವರು ಇಷ್ಟಾದರೂ ಹೇಳಬೇಕಲ್ವಾ?

ಇನ್ನೊಂದು ಸಣ್ಣ ತಕರಾರು. ಕೆಳಗಿನ ಹಲ್ಲುಗಳ ಒಳಬದಿ ಉಜ್ಜುವಾಗ ದೀಪ ನನ್ನ ಅಂಗೈ ಕೆಳಗೆ ಮುಚ್ಚಿಹೋಗುತ್ತದೆ. ಮತ್ತೆ ಮೂರು ತಿಂಗಳಿಗೊಮ್ಮೆ ಬ್ರಷ್ಷಿಗೆ ಎಳೆಗಳಿರುವ ಹೊಸ ತಲೆ ಕೊಳ್ಳುವುದು ನನ್ನ ಜೇಬಿಗೆ ಭಾರವೇ. ನಿಮ್ಮ ಕೈ ಈಗಾಗಲೇ ಹಗುರ ಇದ್ದರೆ ಮೆದು ಎಳೆಯ ಸಾದಾ ಬ್ರಷ್ ಸಾಕು, ಇದು ಬೇಡ. ನನ್ನಂಥ ಭಾರದ ಕೈಯವರು ಮಾತ್ರ ಕೊಳ್ಳಿ.

ಒಂದು ಕಚ್ಚಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿಸಿದೆ. ಉಳಿದೆರಡು ಹಳೆಯ ಫೋಟೋದಲ್ಲಿ ಎಷ್ಟಿದ್ದವೋ ಈಗಲೂ ಅಷ್ಟೇ ಇವೆ. ನಿಂಬೆ ನೀರು ಬಿಟ್ಟೆ. ಎದ್ದ ಕೂಡಲೇ, ಏನೂ ಕುಡಿಯುವ ಮುಂಚೆ ಉಜ್ಜುತ್ತೇನೆ. ಹುಳಿ ಏನಾದರೂ ಬಾಯಿಗೆ ಹೋದರೆ ಬರೀ ನೀರಲ್ಲಿ ಮುಕ್ಕಳಿಸಿ ಒಂದು ಗಂಟೆ ಕಾಯುತ್ತೇನೆ. ರಾತ್ರಿ ಉಜ್ಜಿದ ಮೇಲೆ ಏನೂ ತಿನ್ನುವುದಿಲ್ಲ, ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಆ್ಯಪ್ ತೆಗೆದುಹಾಕಿದ್ದೇನೆ. ತಣ್ಣೀರು ಈಗ ಎಡಗಡೆಯಿಂದಲೂ ಕುಡಿಯುತ್ತೇನೆ, ಮತ್ತು ದೀಪ ಹತ್ತುವುದು ವಾರಕ್ಕೊಮ್ಮೆಯೋ ಏನೋ, ಅದೂ ಅವಸರದಲ್ಲಿರುವಾಗ, ಅದೇ ಎಡ ಕೋರೆಹಲ್ಲಿನ ಹತ್ತಿರ.