ಸಣ್ಣ ಎಪಿಸ್ಕೋಪಲ್ ಸಭೆಗೆ ಪೂರ್ಣಾವಧಿ ಪಾದ್ರಿಯೋ, ಅರೆಕಾಲಿಕ ಪಾದ್ರಿಯೋ?

ಆಂಗ್ಲಿಕನ್ ಪರಂಪರೆಗೆ ಸೇರಿದ ಅಮೆರಿಕದ ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕದ ಪ್ರಕಾರ ಪ್ರಭುಭೋಜನವೇ (ಯೇಸುವಿನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಭಾನುವಾರದ ಮುಖ್ಯ ಆರಾಧನೆ. ಅದಕ್ಕೆ ಪಾದ್ರಿ ಬೇಕೇ ಬೇಕು. ಪೂರ್ಣಾವಧಿಯವರ ಸಂಬಳ, ವಿಮೆ, ಪಿಂಚಣಿ ಕಟ್ಟಿದ ಮೇಲೆ ಮೂವತ್ತು ನಲವತ್ತು ಜನರ ಸಭೆಯಲ್ಲಿ ಬಡವರಿಗೆ ದಿನಸಿ ಹಂಚಲು ಹೆಚ್ಚೇನೂ ಉಳಿಯದು. ಅರೆಕಾಲಿಕರನ್ನು ನೇಮಿಸಿಕೊಂಡು, ಅವರು ಬಾರದ ಭಾನುವಾರಗಳಂದು ಪಾದ್ರಿ ಇಲ್ಲದೆಯೂ ನಡೆಸಬಹುದಾದ ಪ್ರಾತಃಪ್ರಾರ್ಥನೆಯನ್ನು ಸಭಿಕರೇ ನಡೆಸಿದರೆ ಹಣ ಉಳಿಯುತ್ತದೆ. ಆದರೆ ರೋಗಿಗಳ ಭೇಟಿ, ಸಾವಿನ ಮನೆಯ ಸಾಂತ್ವನ ಯಾರ ಹೊಣೆ ಎಂಬುದನ್ನು ಆಡಳಿತ ಮಂಡಳಿಯಾದ ವೆಸ್ಟ್ರಿ ಮೊದಲೇ ತೀರ್ಮಾನಿಸಿರಬೇಕು. ಒಡನಾಟಕ್ಕೆ ಎರಡರಲ್ಲೂ ದೊಡ್ಡ ಖರ್ಚಿಲ್ಲ, ಆರಾಧನೆಯ ನಂತರದ ಕಾಫಿ ಸಾಕು (ಕಪ್ಪು ತೊಳೆಯುವವರು ವಾರವಾರವೂ ಅದೇ ಇಬ್ಬರಾಗದಿದ್ದರೆ!). ದಿನಸಿ ಪೊಟ್ಟಣ ಕಟ್ಟುವುದನ್ನು ಆ ಹೊತ್ತಿಗೇ ಇಟ್ಟುಕೊಂಡರೆ ವಯಸ್ಸಾದವರೂ ಕುಳಿತಲ್ಲೇ ಕೈಜೋಡಿಸಬಲ್ಲರು. ಹೊಣೆ ಹೊರುವ ನಾಲ್ಕಾರು ಜನರಿದ್ದರೆ ನನ್ನ ಒಲವು ಅರೆಕಾಲಿಕ ವ್ಯವಸ್ಥೆಯ ಕಡೆಗೆ. ಯಾರೂ ಮುಂದೆ ಬಾರದ ಸಭೆಗೆ ಪೂರ್ಣಾವಧಿಯವರೇ ಲೇಸು.