ಹಿತ್ತಲ ಹೊಂಡಕ್ಕೆ ಕೃಷಿ ಹೊಂಡದ ಹಾಳೆ: ಒಂದು ವರ್ಷ ಬಳಸಿದ ಮೇಲೆ

ಗದಗಿನಲ್ಲಿ ಎಪಿಎಂಸಿ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಅಂಗಡಿ ಇದೆ. ತಾಡಪತ್ರಿ, ಹನಿ ನೀರಾವರಿ ಪೈಪು, ಕೃಷಿ ಹೊಂಡದಲ್ಲಿ ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆ ಮಾರುತ್ತಾರೆ. ಹೂವಿನ ಹೊಂಡ ಸರಿಮಾಡಲು ಅಲ್ಲಿಗೆ ಹೋಗಬೇಕು ಅಂತ ನನಗೆ ಮೊದಲು ಹೊಳೆದೇ ಇರಲಿಲ್ಲ.

ನಮ್ಮ ಮನೆ ಬೆಟಗೇರಿಯಲ್ಲಿ. ಹಿತ್ತಲಲ್ಲಿ ಮಾವನವರು ಕಟ್ಟಿಸಿದ ನೈದಿಲೆ ಹೊಂಡ ಇದೆ. 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ. ಮೂರು ವರ್ಷದಿಂದ ಅದರಲ್ಲಿ ನೀರು ನಿಲ್ಲುತ್ತಿರಲಿಲ್ಲ. ಬಿಸಿಲಿಗೆ ಆರುತ್ತಿದೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಒಂದು ಬಕೆಟ್ ತುಂಬಿಸಿ ಹೊಂಡದ ಪಕ್ಕ ಇಟ್ಟೆ, ಎರಡರಲ್ಲೂ ಸೀಮೆಸುಣ್ಣದಿಂದ ಗೆರೆ ಎಳೆದೆ. ನಾಲ್ಕು ದಿನಕ್ಕೆ ಬಕೆಟಿನಲ್ಲಿ ಎರಡು ಬೆರಳು ಇಳಿದಿತ್ತು, ಹೊಂಡದಲ್ಲಿ ಒಂದು ಗೇಣು. ಬಿಸಿಲಲ್ಲ, ಸೋರಿಕೆ. ನಮ್ಮೂರಲ್ಲಿ ನಳ ಬರುವುದಕ್ಕೆ ಎಷ್ಟು ದಿನ ಕಾಯಬೇಕು ಅಂತ ಇಲ್ಲಿಯವರಿಗೆ ಗೊತ್ತು. ಆ ನೀರನ್ನು ಸುಮ್ನೆ ನೆಲಕ್ಕೆ ಕುಡಿಸುತ್ತಿದ್ದೆವಲ್ಲ ಅಂತ ಹೊಟ್ಟೆ ಉರಿಯಿತು.

ಈ ಅಂಗಡಿಗೆ ಹೋಗುವ ಮೊದಲು ಎರಡು ಸಲ ಗೌಂಡಿ ಕರೆಸಿ ಸಿಮೆಂಟ್ ಮೆತ್ತಿಸಿದ್ದೆವು. ಎರಡೂ ಸಲ ಮಳೆಗಾಲ ಕಳೆಯುವವರೆಗೆ ಚೆನ್ನಾಗಿತ್ತು, ಬೇಸಿಗೆ ಬಂತು, ಅದೇ ಜಾಗದಲ್ಲಿ ಬಿರುಕು. ಕಾರಣ ಹೇಳಿದ್ದು ಈ ಅಂಗಡಿಯವರೇ. "ಅಕ್ಕಾರ, ನಿಮ್ಮದು ಎರಿ ಭೂಮಿ. ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ. ಭೂಮಿ ಬಿರದ್ರ ಸಿಮೆಂಟ್ ಏನ್ ಮಾಡತೈತ್ರಿ?" ಎರಡು ವರ್ಷದಲ್ಲಿ ಯಾರೂ ಹೇಳದ ಮಾತು. ಅಂಥ ಕಪ್ಪು ಎರೆಮಣ್ಣಿನ ನೆಲಕ್ಕೆ ಬಗ್ಗುವ ವಸ್ತುವೇ ಬೇಕು, ಗಟ್ಟಿಯಾದದ್ದಲ್ಲ.

ಅವರು ಕೊಟ್ಟದ್ದು 500 ಮೈಕ್ರಾನ್ ಹಾಳೆ, ಅಂದರೆ ಅರ್ಧ ಮಿಲಿಮೀಟರ್ ದಪ್ಪ. ಅಳತೆ ಹೇಗೆ ತೆಗೆಯಬೇಕು ಅಂತ ಚೀಟಿಯ ಹಿಂದೆ ಬರೆದು ತೋರಿಸಿದರು: ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಅಂಚಿಗೆ ಆಚೆ ಒಂದಡಿ, ಈಚೆ ಒಂದಡಿ. ಅಗಲಕ್ಕೂ ಹಾಗೆಯೇ. ನಮ್ಮದಕ್ಕೆ 14 ಅಡಿಗೆ 11 ಅಡಿ, 154 ಚದರ ಅಡಿ. ಚದರ ಅಡಿಗೆ 9 ರೂಪಾಯಿಯಂತೆ 1,386 ರೂಪಾಯಿ ಆಯಿತು. ಗೌಂಡಿಗೆ ಒಂದು ಸಲ ಕೊಟ್ಟದ್ದು ಇದಕ್ಕಿಂತ ಜಾಸ್ತಿ. ಇಷ್ಟು ಚಿಕ್ಕ ತುಂಡು ಅಂತ ಮುಖ ಸಿಂಡರಿಸದೆ ಕತ್ತರಿಸಿ ಕೊಟ್ಟರು. ನಾನು ಮೊದಲು ಕೇಳಿದ ಅಂಗಡಿಯಲ್ಲಿ ಪೂರ್ತಿ ಸುರುಳಿಯೇ ತೆಗೆದುಕೊಳ್ಳಿ ಅಂದಿದ್ದರು.

ಹಾಳೆಯ ಅಡಿಗೆ ಹಾಸಲು ಹಳೆಯ ಕೌದಿ ಸಾಕು ಅಂತ ಅತ್ತೆಯವರು ತೆಗೆದಿಟ್ಟಿದ್ದರು. ಅಂಗಡಿಯವರು ಬೇಡ ಅಂದರು. ಅರಿವೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ, ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲ ಬಿಚ್ಚಿ ಎರಡು ಪದರ ಹಾಸಿ ಅಂದರು. ಹಾಗೆಯೇ ಮಾಡಿದೆವು. ಹಳೆಯ ಸಿಮೆಂಟಿನ ಚೂಪು ಮೂಲೆಗಳನ್ನು ನನ್ನ ಮಗ ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ.

ಈಗ ಕೊರತೆಯ ಮಾತು. ಸುರುಳಿಯ ಅಗಲ ಸಾಲದ್ದಕ್ಕೆ ನಮ್ಮ ಹಾಳೆಗೆ ನಡುವೆ ಒಂದು ಬೆಸುಗೆ ಬಂತು. ಮೇ ತಿಂಗಳ ಅಡ್ಡಮಳೆಗೆ ಮಾಳಿಗೆಯ ನೀರನ್ನೇ ಹೊಂಡಕ್ಕೆ ಬಿಟ್ಟು ತುಂಬಿಸಿದೆವು. ಒಂದು ವಾರದಲ್ಲಿ ಐದು ಬೆರಳು ಇಳಿದು ಅಲ್ಲಿಗೇ ನಿಂತಿತು. ನೀರು ಎಲ್ಲಿ ನಿಲ್ಲುತ್ತದೋ ತೂತು ಆ ಮಟ್ಟದಲ್ಲೇ ಇರುತ್ತದೆ. ಬೆಸುಗೆಯ ಮೇಲೆ ಬೆರಳಾಡಿಸಿದಾಗ ಸೂಜಿ ಚುಚ್ಚಿದಂಥ ಬಾಯಿ ಸಿಕ್ಕಿತು. ಫೋನ್ ಮಾಡಿದರೆ "ನಾಳೆ ಕಳಸ್ತೀನ್ರಿ" ಅಂದವರು ಆರನೆಯ ದಿನ ಹುಡುಗನನ್ನು ಕಳಿಸಿದರು. ಹುಡುಗ ಮಾತ್ರ ಕೆಲಸ ಬಲ್ಲವನು. ಒರೆಸಿ, ಒಣಗಿಸಿ, ಬಿಸಿಗಾಳಿಯ ಮಷೀನಿನಿಂದ ಅಂಗೈಯಗಲದ ತೇಪೆ ಹಾಕಿದ. ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಬೆಸುಗೆಯನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿ ಕೊಡಬೇಕಿತ್ತು. ನೀವು ಕೊಂಡರೆ ಅಲ್ಲೇ ನಿಂತು ಬೆಳಕಿಗೆ ಹಿಡಿಸಿ ನೋಡಿ.

ಬಿಸಿಲಿನ ವಿಷಯವನ್ನೂ ಅವರು ಹೇಳಲಿಲ್ಲ. ನೀರಿನ ಮೇಲೆ ಕಾಣುವ ಅಂಚು ಬಿಸಿಲಿಗೆ ಬೇಗ ಹಾಳಾಗುತ್ತದೆ. ನಾವು ಸುತ್ತಲೂ ಫರಸಿ ಕಲ್ಲು ಮುಚ್ಚಿದೆವು.

ಬೋರಿನ ಸವಳು ನೀರನ್ನು ಒಂದು ಕೊಡವೂ ಹಾಕಿಲ್ಲ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹೊಂಡಕ್ಕೆ ಬೇಕಾದ್ದು ಸುಮಾರು 2,200 ಲೀಟರ್, ಎರಡು ಮೂರು ದೊಡ್ಡ ಮಳೆಗೆ ತುಂಬುತ್ತದೆ. ನೈದಿಲೆ ಗಡ್ಡೆಯನ್ನು ಅಗಲ ಬಾಯಿಯ ಕುಂಡದಲ್ಲಿ ಎರೆಮಣ್ಣಿಗೆ ಹಚ್ಚಿ, ಮೇಲೆ ಜಲ್ಲಿ ಹರಡಿ ಇಳಿಸಿದೆ. ಮೊದಲ ತಿಂಗಳು ನೀರು ಹಸಿರಾಗಿ ಪಾಚಿ ಕಟ್ಟಿತು. ಬದಲಿಸಬೇಡ ಅಂತ ಮಾವನವರು ಹಟ ಹಿಡಿದರು. ಎಲೆ ಅರ್ಧ ಹೊಂಡ ಮುಚ್ಚಿದ ಮೇಲೆ ತಾನೇ ತಿಳಿಯಾಯಿತು. ಸೊಳ್ಳೆ ಮರಿ ತಿನ್ನಲು ಗಪ್ಪಿ ಮೀನು ಬಿಟ್ಟಿದ್ದೇವೆ. ನೀರಿನ ಮೇಲೆ ಬೇಗ ಹರಡುವ ಅಂತರಗಂಗೆ ಕಳೆಯನ್ನು ಮಾತ್ರ ಯಾರು ಕೊಟ್ಟರೂ ಬಿಡಬೇಡಿ, ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಅದು ಹೇಗೆ ಕಾಡಿತು ಅಂತ ನೋಡಿದ್ದೇವೆ.

ಈ ಬೇಸಿಗೆಯಲ್ಲಿ ಮತ್ತೆ ಬಕೆಟ್ ಇಟ್ಟು ನೋಡಿದೆ. ಬಕೆಟಿನ ಗೆರೆ, ಹೊಂಡದ ಗೆರೆ ಎರಡೂ ಒಂದೇ ಸಮ ಇಳಿದವು. ಸುತ್ತಲಿನ ನೆಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿದೆ, ಹಾಳೆ ಹಾಗೇ ಇದೆ. ಮಾವನವರು ಬೆಳಿಗ್ಗೆ ಚಹಾ ಅಲ್ಲೇ ತರಿಸಿಕೊಳ್ಳುತ್ತಾರೆ.

ಆ ಅಂಗಡಿಗೆ ಹೋಗುವುದಾದರೆ ಏಪ್ರಿಲ್ ಒಳಗೆ ಹೋಗಿ. ಮೇ ಬಂತೆಂದರೆ ರೈತರ ಗದ್ದಲ, ಸಣ್ಣ ತುಂಡು ಕತ್ತರಿಸಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಉಳಿದ ಚೂರನ್ನು ಕೇಳಿ ತಂದಿಟ್ಟುಕೊಳ್ಳಿ, ತೇಪೆಗೆ ಬೇಕಾಗುತ್ತದೆ.